ಅಲಂಕಾರದ ಹೆಸರು ಗೊತ್ತು, ಆಮೇಲೆ?

ಹತ್ತನೇ ತರಗತಿಯ ಕನ್ನಡ ಪರೀಕ್ಷೆ ಬರೆದವರಿಗೆ ಎರಡು ಪ್ರಶ್ನೆಗಳು ನೆನಪಿರುತ್ತವೆ. ಒಂದು, ಕೊಟ್ಟಿರುವ ಸಾಲಿಗೆ ಪ್ರಸ್ತಾರ ಹಾಕಿ ಗಣ ವಿಂಗಡಿಸಿ ಛಂದಸ್ಸನ್ನು ಹೆಸರಿಸಿ. ಇನ್ನೊಂದು, ಅಲಂಕಾರವನ್ನು ಹೆಸರಿಸಿ ಸಮನ್ವಯಗೊಳಿಸಿ. ಎರಡಕ್ಕೂ ಸುಲಭೋಪಾಯಗಳಿವೆ. ‘ಅಂತೆ’, ‘ಹಾಗೆ’ ಕಂಡರೆ ಉಪಮೆ, ಕಾಣದಿದ್ದರೆ ರೂಪಕ, ‘ಓ ಎಂಬಂತೆ’ ಬಂದರೆ ಉತ್ಪ್ರೇಕ್ಷೆ. ಸಾಲಿನಲ್ಲಿ ಮೂರು–ನಾಲ್ಕು ಮಾತ್ರೆಗಳು ಸರದಿಯಂತೆ ಬಂದರೆ ಭಾಮಿನಿ, ಐದೈದು ಬಂದರೆ ವಾರ್ಧಕ. ಅಂಕ ಸಿಗುತ್ತದೆ. ಪರೀಕ್ಷೆ ಮುಗಿದ ಮೇಲೆ ಹೆಸರುಗಳಷ್ಟೇ ತಲೆಯಲ್ಲಿ ಉಳಿಯುತ್ತವೆ. ಅವು ಪದ್ಯದಲ್ಲಿ ಏನು ಮಾಡುತ್ತಿದ್ದವು ಎಂಬುದು ಉಳಿಯುವುದಿಲ್ಲ.

ಆ ಎರಡನೆಯ ಪ್ರಶ್ನೆಯ ತೂಕವಿರುವುದು ‘ಹೆಸರಿಸಿ’ ಎಂಬಲ್ಲಿ ಅಲ್ಲ, ‘ಸಮನ್ವಯಗೊಳಿಸಿ’ ಎಂಬಲ್ಲಿ. ಈ ಸಾಲಿನಲ್ಲಿ ಏನು ನಡೆಯಿತು, ಅದನ್ನು ತೆಗೆದರೆ ಏನು ಹೋಗುತ್ತದೆ ಎಂದು ವಿವರಿಸುವ ಕೆಲಸ ಅದು. ಕಾವ್ಯದ ಪರಿಭಾಷೆ ಹುಟ್ಟಿದ್ದೇ ಈ ಕೆಲಸಕ್ಕಾಗಿ. ಒಂದೇ ನೋಟವನ್ನು ಹಿಡಿದುಕೊಂಡು ಅದನ್ನು ಇಲ್ಲಿ ಮಾಡಿ ನೋಡೋಣ. ನೋಟ ಇಷ್ಟೇ: ಮಲೆನಾಡಿನ ಒಂದು ಬೆಟ್ಟ, ಅದರ ಮೇಲೆ ಮಳೆಗಾಲದ ಮೋಡ.

ಮೋಡಕ್ಕೂ ಕಂಬಳಿಗೂ ಎಷ್ಟು ದೂರ?

‘ಮೋಡವು ಕಂಬಳಿಯಂತೆ ಬೆಟ್ಟವನ್ನು ಮುಚ್ಚಿತು.’ ಇದು ಉಪಮೆ. ವರ್ಣಿಸಬೇಕಾದ ವಸ್ತು ಮೋಡ, ಅದು ಉಪಮೇಯ. ಹೋಲಿಕೆಗೆ ತಂದದ್ದು ಕಂಬಳಿ, ಅದು ಉಪಮಾನ. ‘ಅಂತೆ’ ಎಂಬುದು ಉಪಮಾವಾಚಕ. ಮುಚ್ಚುವುದು ಎರಡಕ್ಕೂ ಸಮಾನವಾದ ಧರ್ಮ. ನಾಲ್ಕೂ ಇರುವುದರಿಂದ ಪೂರ್ಣೋಪಮೆ. ಒಂದನ್ನು ಬಿಟ್ಟರೆ ಲುಪ್ತೋಪಮೆ. ಇಲ್ಲಿ ಕವಿ ಎಚ್ಚರದ ಮನುಷ್ಯ. ಮೋಡ ಬೇರೆ, ಕಂಬಳಿ ಬೇರೆ ಎಂಬುದು ಅವನಿಗೆ ಗೊತ್ತು. ಒಂದು ಗುಣದ ಮಟ್ಟಿಗೆ ಮಾತ್ರ ಎರಡನ್ನೂ ಅಕ್ಕಪಕ್ಕ ಇಡುತ್ತಾನೆ.

‘ಬೆಟ್ಟ ಮೋಡದ ಕಂಬಳಿ ಹೊದ್ದಿತು.’ ಇದು ರೂಪಕ. ‘ಅಂತೆ’ ಹೋಯಿತು, ಅದರೊಡನೆ ಎರಡರ ನಡುವಿನ ಅಂತರವೂ ಹೋಯಿತು. ಜೊತೆಗೆ ಇನ್ನೊಂದು ಸದ್ದಿಲ್ಲದೆ ನಡೆದಿದೆ: ಮುಚ್ಚಿಸಿಕೊಳ್ಳುತ್ತಿದ್ದ ಬೆಟ್ಟ ಈಗ ತಾನೇ ಹೊದೆಯುತ್ತಿದೆ. ಕಂಬಳಿ ಬಂದದ್ದೇ ಬೆಟ್ಟಕ್ಕೆ ಮೈ ಬಂತು, ಮೈಗೆ ಚಳಿ ಬಂತು.

‘ಚಳಿ ತಡೆಯಲಾರದೆ ಬೆಟ್ಟ ಕಂಬಳಿ ಎಳೆದುಕೊಂಡಿತೋ ಎಂಬಂತೆ ಮೋಡ ಕವಿಯಿತು.’ ಇದು ಉತ್ಪ್ರೇಕ್ಷೆ. ದಿನಬಳಕೆಯಲ್ಲಿ ಹಿಗ್ಗಿಸಿ ಹೇಳಿದ್ದಕ್ಕೆಲ್ಲ ಉತ್ಪ್ರೇಕ್ಷೆ ಎನ್ನುತ್ತೇವೆ. ಅಲಂಕಾರಶಾಸ್ತ್ರದಲ್ಲಿ ಅದು ಸಂಭಾವನೆ: ಇಲ್ಲದ ಕಾರಣವೊಂದನ್ನು ‘ಹೀಗಿರಬಹುದೇ’ ಎಂದು ಊಹಿಸಿಕೊಳ್ಳುವುದು. ಮೋಡ ಕವಿಯಲು ಬೆಟ್ಟದ ಚಳಿ ಕಾರಣವಲ್ಲ ಎಂಬುದು ಕವಿಗೂ ಗೊತ್ತು, ಓದುಗನಿಗೂ ಗೊತ್ತು. ಇಬ್ಬರೂ ಒಪ್ಪಿಕೊಂಡು ಆಡುವ ಆಟ ಅದು.

ಇನ್ನೂ ಮುಂದೆ ಹೋಗಬಹುದು. ‘ಮೋಡವೋ ಕಂಬಳಿಯೋ?’ ಎಂದರೆ ಸಂದೇಹ. ‘ಇದು ಮೋಡವಲ್ಲ, ಬೆಟ್ಟ ಹೊದ್ದ ಕಂಬಳಿ’ ಎಂದು ಇರುವುದನ್ನು ಅಲ್ಲಗಳೆದರೆ ಅಪಹ್ನುತಿ. ಕುರಿ ಕಾಯುವ ಹುಡುಗ ತನ್ನ ಕಂಬಳಿಯೆಂದೇ ತಿಳಿದು ಕೈಚಾಚಿದರೆ ಭ್ರಾಂತಿಮಾನ್. ಕೊನೆಗೆ ‘ಬೆಟ್ಟ ಕಂಬಳಿ ಹೊದ್ದಿತು’ ಎಂದಷ್ಟೇ ಹೇಳಿ ಮೋಡದ ಹೆಸರನ್ನೇ ಎತ್ತದಿದ್ದರೆ, ಉಪಮಾನ ಉಪಮೇಯವನ್ನು ನುಂಗಿಬಿಟ್ಟಿದೆ, ಅದು ರೂಪಕಾತಿಶಯೋಕ್ತಿ.

ಇಷ್ಟು ಹೆಸರುಗಳನ್ನು ಬಾಯಿಪಾಠದ ಪಟ್ಟಿಯಾಗಿ ನೋಡಿದರೆ ತಲೆನೋವು. ಮೋಡಕ್ಕೂ ಕಂಬಳಿಗೂ ನಡುವೆ ಕವಿ ಎಷ್ಟು ದೂರ ಇಟ್ಟಿದ್ದಾನೆ ಎಂದು ಕೇಳಿಕೊಂಡು ನೋಡಿದರೆ ಅವು ಸಾಲಾಗಿ ನಿಲ್ಲುತ್ತವೆ. ಉಪಮೆಯಲ್ಲಿ ಇಬ್ಬರು, ರೂಪಕದಲ್ಲಿ ಇಬ್ಬರೂ ಒಬ್ಬರು, ಅತಿಶಯೋಕ್ತಿಯಲ್ಲಿ ಒಬ್ಬರೇ. ನಡುವೆ ಅನುಮಾನ, ಊಹೆ, ನಿರಾಕರಣೆ, ಭ್ರಮೆ. ಹೋಲಿಸುವ ಮನಸ್ಸು ಎಲ್ಲಿ ನಿಂತಿದೆ ಎಂಬುದನ್ನೇ ಈ ಹೆಸರುಗಳು ಗುರುತಿಸುತ್ತವೆ.

ಭರತನ ನಾಟ್ಯಶಾಸ್ತ್ರದಲ್ಲಿ ಅಲಂಕಾರಗಳು ನಾಲ್ಕೇ: ಉಪಮೆ, ರೂಪಕ, ದೀಪಕ, ಯಮಕ. ಹದಿನಾರನೆಯ ಶತಮಾನದ ಅಪ್ಪಯ್ಯ ದೀಕ್ಷಿತನ ‘ಕುವಲಯಾನಂದ’ದ ಹೊತ್ತಿಗೆ ಅವು ನೂರನ್ನು ದಾಟಿದ್ದವು. ಪಂಡಿತರಿಗೆ ಕೆಲಸವಿರಲಿಲ್ಲ ಎಂದು ನಗಬಹುದು. ಆದರೆ ಒಂದೊಂದು ಹೊಸ ಹೆಸರಿನ ಹಿಂದೆಯೂ ‘ಇದು ಅದಲ್ಲ, ಸ್ವಲ್ಪ ಬೇರೆ’ ಎಂದು ಗಮನಿಸಿದ ಓದುಗನೊಬ್ಬ ಇದ್ದಾನೆ.

ಪದ ಬದಲಿಸಿ ನೋಡಿ

ಅಲಂಕಾರ ಅರ್ಥದಲ್ಲಿದೆಯೋ ಶಬ್ದದಲ್ಲಿದೆಯೋ ಎಂದು ಕಂಡುಹಿಡಿಯಲು ಹಿಂದಿನ ಮೀಮಾಂಸಕರು ಸೊಗಸಾದ ಒಂದು ಪರೀಕ್ಷೆ ಇಟ್ಟಿದ್ದರು. ಸಾಲಿನಲ್ಲಿರುವ ಪದವನ್ನು ತೆಗೆದು ಅದೇ ಅರ್ಥದ ಇನ್ನೊಂದನ್ನು ಹಾಕಿ. ಸೊಗಸು ಉಳಿದರೆ ಅರ್ಥಾಲಂಕಾರ, ಹಾರಿಹೋದರೆ ಶಬ್ದಾಲಂಕಾರ.

‘ಮೋಡದ ಕಂಬಳಿ’ಯನ್ನು ‘ಮುಗಿಲಿನ ಹೊದಿಕೆ’ ಎಂದು ಬದಲಿಸಿ. ಕುರಿಗಾಹಿಯ ವಾಸನೆ ಸ್ವಲ್ಪ ಹೋಗುತ್ತದೆ, ರೂಪಕ ಮಾತ್ರ ನಿಂತೇ ಇರುತ್ತದೆ. ಈಗ ‘ಬೆಟ್ಟದ ಬೆನ್ನಿಗೆ ಬೆಳಗಿನ ಬಿಸಿಲು ಬಿತ್ತು’ ಎಂಬುದನ್ನು ನೋಡಿ. ‘ಬೆನ್ನಿಗೆ’ ಎಂಬಲ್ಲಿ ‘ಹಿಂಬದಿಗೆ’, ‘ಬೆಳಗಿನ’ ಎಂಬಲ್ಲಿ ‘ಮುಂಜಾನೆಯ’ ಎಂದರೆ ಸುದ್ದಿ ಅದೇ, ಸದ್ದು ಮಾಯ. ಒಂದೇ ವ್ಯಂಜನ ಮತ್ತೆ ಮತ್ತೆ ಬಡಿಯುತ್ತಿದ್ದುದರಿಂದ ಹುಟ್ಟಿದ ಸೊಗಸು ಅದು, ವೃತ್ತ್ಯನುಪ್ರಾಸ.

‘ಮತ ಕೇಳಲು ಬಂದವರು ಮತ ಹೇಳಿ ಹೋದರು’ ಎಂಬಲ್ಲಿ ಒಂದೇ ಪದ ಎರಡು ಸಲ ಬಂದು ಎರಡು ಅರ್ಥ ಕೊಡುತ್ತದೆ. ಅದು ಯಮಕ. ‘ನಮ್ಮ ನಾಯಕರ ಮಾತಿಗೆ ಬೆಲೆಯಿದೆ’ ಎಂಬಲ್ಲಿ ಪದ ಬಂದದ್ದು ಒಂದೇ ಸಲ, ಅರ್ಥ ಮಾತ್ರ ಎರಡು: ಗೌರವವೂ ಹೌದು, ದರವೂ ಹೌದು. ಅದು ಶ್ಲೇಷೆ. ‘ಬೆಲೆ’ ತೆಗೆದು ‘ಗೌರವ’ ಹಾಕಿ ನೋಡಿ. ನಾಯಕರು ನೆಮ್ಮದಿಯಾಗಿ ಉಸಿರಾಡುತ್ತಾರೆ; ಸಾಲು ಸತ್ತಿರುತ್ತದೆ.

ಒಂದೇ ಬೆಟ್ಟ, ಮೂರು ನಡೆ

ಛಂದಸ್ಸಿನ ಮಾತು ಬಂದ ಕೂಡಲೇ ‘ಯಮಾತಾರಾಜಭಾನಸಲಗಂ’ ನೆನಪಾಗಿ ಹಲವರು ಪುಟ ತಿರುವುತ್ತಾರೆ. ಆ ಸೂತ್ರ ಬೇಕಾಗುವುದು ಅಕ್ಷರಗಣಗಳಿಗೆ, ಅಂದರೆ ಪಂಪ, ರನ್ನರ ಚಂಪೂಕಾವ್ಯಗಳಲ್ಲಿ ಮೆರೆಯುವ ಉತ್ಪಲಮಾಲೆ, ಚಂಪಕಮಾಲೆ, ಶಾರ್ದೂಲವಿಕ್ರೀಡಿತದಂಥ ವೃತ್ತಗಳಿಗೆ. ಕನ್ನಡದ ಕಿವಿಗೆ ಹೆಚ್ಚು ಹತ್ತಿರವಾದದ್ದು ಮಾತ್ರೆಯ ಲೆಕ್ಕ. ಅದು ಸರಳ. ಹ್ರಸ್ವಾಕ್ಷರ ಲಘು, ಒಂದು ಮಾತ್ರೆ. ದೀರ್ಘಾಕ್ಷರ ಗುರು, ಎರಡು ಮಾತ್ರೆ. ಅನುಸ್ವಾರ, ವಿಸರ್ಗ ಇರುವ ಅಕ್ಷರವೂ, ಒತ್ತಕ್ಷರದ ಹಿಂದಿನ ಅಕ್ಷರವೂ ಗುರುವೇ. ‘ಬೆಟ್ಟ’ದಲ್ಲಿ ಬೆ ಎರಡು, ಟ್ಟ ಒಂದು, ಒಟ್ಟು ಮೂರು.

ಈಗ ಮತ್ತೆ ಅದೇ ಬೆಟ್ಟ. ಮಳೆಯ ಪರದೆಯಲ್ಲಿ ಅದು ಕಾಣದಾಯಿತು ಎಂಬ ಒಂದೇ ಸಂಗತಿಯನ್ನು ಮೂರು ಬಗೆಯಲ್ಲಿ ಹೇಳಿ ನೋಡೋಣ. ಗಟ್ಟಿಯಾಗಿ ಓದಬೇಕು.

ಮುಂದಿನ | ಬೆಟ್ಟವು | ಮಳೆಯಲಿ | ಕರಗಿತು

ಕಣ್ಣ | ಮುಂದಿನ | ಬೆಟ್ಟ | ಕರಗಿತು

ಕಣ್ಣೆದುರ | ಬೆಟ್ಟಗಳು | ಕರಗಿದವು | ಮಳೆಯೊಳಗೆ

ಮೊದಲನೆಯದು ನಾಲ್ಕು ನಾಲ್ಕು ಮಾತ್ರೆಯ ನಡೆ. ಸಮತಟ್ಟಾದ ದಾರಿಯಲ್ಲಿ ನಡೆದಂತೆ ಹೆಜ್ಜೆ ಸರಿಸಮ. ಮೂರನೆಯದು ಐದೈದು, ಒಂದೊಂದು ಗಣಕ್ಕೂ ಸ್ವಲ್ಪ ತುಂಬಿಕೊಂಡ ಉಸಿರು ಬೇಕು, ವರ್ಣನೆ ನಿಧಾನವಾಗಿ ಹರಡಿಕೊಳ್ಳುತ್ತದೆ. ಎರಡನೆಯದು ಮೂರು–ನಾಲ್ಕು, ಮೂರು–ನಾಲ್ಕು. ಚಿಕ್ಕ ಹೆಜ್ಜೆಯ ಹಿಂದೆ ದೊಡ್ಡ ಹೆಜ್ಜೆ ಬರುವುದರಿಂದ ಸಾಲು ತನ್ನನ್ನು ತಾನೇ ಮುಂದಕ್ಕೆ ನೂಕಿಕೊಳ್ಳುತ್ತದೆ. ಗದುಗಿನ ಕುಮಾರವ್ಯಾಸ ಭಾರತದ ಹತ್ತು ಪರ್ವಗಳನ್ನು ಹೇಳಲು ಆರಿಸಿಕೊಂಡದ್ದು ಈ ಎರಡನೆಯ ನಡೆಯ ಭಾಮಿನಿ ಷಟ್ಪದಿಯನ್ನು. ಸಭೆ, ಯುದ್ಧ, ಜಗಳ, ಗೋಳು ಎಲ್ಲವೂ ಓಡಬೇಕಾದ ಕಥೆಗೆ ನಿಲ್ಲಲು ಬಿಡದ ನಡೆ. ಲಕ್ಷ್ಮೀಶನ ಜೈಮಿನಿ ಭಾರತದ್ದು ಐದು ಮಾತ್ರೆಯ ವಾರ್ಧಕ. ಇವೆರಡನ್ನೂ ಗಮಕಿಗಳು ವಾಚಿಸಿದಾಗ, ಯಕ್ಷಗಾನದ ಭಾಗವತರು ಹಾಡಿದಾಗ, ಪ್ರಸ್ತಾರ ಹಾಕಲು ಬಾರದವರಿಗೂ ವ್ಯತ್ಯಾಸ ತಿಳಿಯುತ್ತದೆ.

ಷಟ್ಪದಿ ಎಂದರೆ ಆರು ಸಾಲು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು ಸಮ. ಮೂರು ಮತ್ತು ಆರನೆಯವು ಅದರ ಒಂದೂವರೆಯಷ್ಟು ಉದ್ದ, ಕೊನೆಗೆ ಒಂದು ಗುರು. ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕ ಎಂಬ ಆರು ಬಗೆಗಳಿಗೂ ಕಟ್ಟಡ ಇದೇ, ಬದಲಾಗುವುದು ಗಣಗಳ ಅಳತೆ. ಇದನ್ನು ಇಡೀ ಕಾವ್ಯದ ಛಂದಸ್ಸಾಗಿ ಬಳಸಿ ಗೆಲ್ಲಿಸಿದವನು ಹರಿಶ್ಚಂದ್ರಕಾವ್ಯದ ರಾಘವಾಂಕ. ಎರಡು ಗಿಡ್ಡ ಸಾಲು ಓದುವಷ್ಟರಲ್ಲಿ ಕಿವಿ ಇನ್ನೊಂದು ಗಿಡ್ಡ ಸಾಲಿಗೆ ಕಾಯುತ್ತದೆ. ಮೂರನೆಯದು ಹಿಗ್ಗಿ ಬಂದು ಅಲ್ಲಿ ನಿಲ್ಲಿಸುತ್ತದೆ. ಕಥೆ ಹೇಳುವವನಿಗೆ ಒಂದೊಂದು ಪದ್ಯದಲ್ಲೂ ಎರಡು ನಿಲುಗಡೆ ಸಿಕ್ಕಂತಾಯಿತು.

ಮಾತ್ರೆಯ ಲೆಕ್ಕಕ್ಕೂ ಸಿಗದ ಇನ್ನೊಂದು ಬಗೆ ಅಂಶಗಣ. ಬೀಸುವಾಗ, ಕುಟ್ಟುವಾಗ ಹೆಣ್ಣುಮಕ್ಕಳು ಹಾಡಿದ ತ್ರಿಪದಿ, ರತ್ನಾಕರವರ್ಣಿಯ ಸಾಂಗತ್ಯ ಈ ಜಾತಿಯವು. ಇಲ್ಲಿ ಅಕ್ಷರವನ್ನು ರಾಗ ಎಳೆಯುತ್ತದೆ. ಬರೆದಾಗ ಲಘುವಾದದ್ದು ಹಾಡಿದಾಗ ಗುರುವಾಗಬಹುದು. ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ತ್ರಿಪದಿಗಳಿವೆ. ನಮಗೆ ಸಿಕ್ಕಿರುವ ಮೊದಲ ಕನ್ನಡ ಗ್ರಂಥಕ್ಕಿಂತ ಸುಮಾರು ಒಂದೂವರೆ ಶತಮಾನ ಹಿಂದಿನ ಮಾತದು.

ಎರಡನೆಯ ಅಕ್ಷರದ ಹಟ

ಸಿನಿಮಾ ಹಾಡು ಕೇಳಿ ಬೆಳೆದವರಿಗೆ ಪ್ರಾಸವೆಂದರೆ ಸಾಲಿನ ಕೊನೆಯಲ್ಲಿ ಬರುವುದು. ಹಳೆಯ ಕನ್ನಡ ಕಾವ್ಯದ ಪ್ರಾಸ ಇರುವುದು ಸಾಲಿನ ಆರಂಭದಲ್ಲಿ. ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಮೊದಲ ಅಕ್ಷರ ಯಾವುದಾದರೂ ಸರಿ, ಆದರೆ ಎಲ್ಲ ಸಾಲಿನಲ್ಲೂ ಲಘುವಾದರೆ ಲಘು, ಗುರುವಾದರೆ ಗುರು. ತಮಿಳಿನಲ್ಲಿ ಎದುಗೈ ಎಂಬ ಹೆಸರಿನಿಂದಲೂ, ತೆಲುಗಿನಲ್ಲಿ ಪ್ರಾಸವೆಂಬ ಹೆಸರಿನಿಂದಲೇ ಇದು ಇದೆ. ಇಲ್ಲಿಗೆಂದೇ ಬರೆದ ಒಂದು ಶರ ಷಟ್ಪದಿಯನ್ನು ನೋಡಿ:

ಮಳೆಯಲಿ ನೆನೆದಿಹ
ಎಳೆಗರು ನಡುಗಿತು
ಒಳಗಿಂದಜ್ಜಿಯು ಕರೆದಳು ಬಾ
ಹೊಳೆಯಿತು ಮಿಂಚಿನ
ಬೆಳಕಿನ ಬಳ್ಳಿಯು
ಇಳೆಯಿಂ ಮುಗಿಲಿನ ತುದಿವರೆಗೂ

ಗಿಡ್ಡ ಸಾಲುಗಳಲ್ಲಿ ನಾಲ್ಕರ ಎರಡು ಗಣ, ಉದ್ದದವುಗಳಲ್ಲಿ ನಾಲ್ಕರ ಮೂರು ಗಣ ಮತ್ತು ಒಂದು ಗುರು. ಆರು ಸಾಲಿನಲ್ಲೂ ಎರಡನೆಯ ಅಕ್ಷರ ಳಕಾರ. ಸುಮಾರು 990ರ ಒಂದನೆಯ ನಾಗವರ್ಮ ‘ಛಂದೋಂಬುಧಿ’ಯಲ್ಲಿ ಪ್ರಾಸಗಳನ್ನು ಆರಾಗಿ ವಿಂಗಡಿಸಿ ಪ್ರಾಣಿಗಳ ಹೆಸರಿಟ್ಟಿದ್ದಾನೆ. ಪ್ರಾಸಾಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಅನುಸ್ವಾರವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ. ಪ್ರಾಸಾಕ್ಷರವೇ ವಿಜಾತೀಯ ಒತ್ತಕ್ಷರವಾದರೆ ಶರಭ, ಸಜಾತೀಯ ಒತ್ತಕ್ಷರವಾದರೆ ಹಯ. ಮೇಲಿನದು ಸಿಂಹಪ್ರಾಸ.

ಈ ಆರು ಸಾಲು ಕಟ್ಟುವಾಗ ಪ್ರಾಸ ಏನು ಮಾಡಿತು? ಅಜ್ಜಿ ಎಲ್ಲಿಂದಲಾದರೂ ಕರೆಯಬಹುದಿತ್ತು. ಳಕಾರ ಬೇಕಾದ್ದರಿಂದ ಅವಳು ‘ಒಳಗಿಂದ’ ಕರೆದಳು; ಹೊರಗೆ ನಡುಗುವ ಕರುವಿಗೂ ಒಳಗಿನ ಬಿಸುಪಿಗೂ ನಡುವೆ ಒಂದು ಹೊಸ್ತಿಲು ತಾನಾಗಿಯೇ ಎದ್ದಿತು. ಅದು ಪ್ರಾಸ ಕೊಟ್ಟ ಲಾಭ. ಕೊನೆಯ ಸಾಲಿನ ‘ಇಳೆಯಿಂ’ ನೋಡಿ. ಇಂದು ಯಾರೂ ಹಾಗೆ ಮಾತಾಡುವುದಿಲ್ಲ. ‘ನೆಲದಿಂದ’ ಎನ್ನಬೇಕಾದ ಕಡೆ ಪ್ರಾಸ ಆ ಪದವನ್ನು ಕುತ್ತಿಗೆ ಹಿಡಿದು ತಂದಿದೆ. ಅದು ಪ್ರಾಸ ವಸೂಲು ಮಾಡಿದ ಬೆಲೆ. ಸಾವಿರಾರು ಪದ್ಯಗಳ ಉದ್ದಕ್ಕೂ ಕವಿಗಳು ಈ ಲಾಭ–ನಷ್ಟದ ನಡುವೆಯೇ ಬರೆದರು.

1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಈ ಆದಿಪ್ರಾಸವನ್ನು ಬಿಟ್ಟು ಬರೆಯಲು ನಿಶ್ಚಯಿಸಿದರು. ಆಗ ಅದು ಸಣ್ಣ ಮಾತಾಗಿರಲಿಲ್ಲ. ಬಿ.ಎಂ.ಶ್ರೀ.ಯವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಬಂದಾಗ ಹೊಸ ಲಯಗಳ ಜೊತೆಗೆ ಅಂತ್ಯಪ್ರಾಸವೂ ಓದುಗರ ಕಿವಿಗೆ ಹಿಡಿಸಿತು. ಐದು ಮಾತ್ರೆಯ ಲಲಿತ ರಗಳೆಯಿಂದ ಪ್ರಾಸವನ್ನು ಕಳಚಿದ ಸರಳ ರಗಳೆ ದೊಡ್ಡ ಕಥನಗಳಿಗೆ ಒದಗಿತು. ಅದರ ಬಲವನ್ನು ಹಿಗ್ಗಿಸಿದ ಮಹಾಛಂದಸ್ಸಿನಲ್ಲಿ ಕುವೆಂಪು 1949ರಲ್ಲಿ ‘ಶ್ರೀ ರಾಮಾಯಣ ದರ್ಶನಂ’ ಕೊಟ್ಟರು.

ಪ್ರಾಸ ಏಕೆ ಬಿದ್ದುಹೋಯಿತು ಎಂಬುದಕ್ಕೆ ಕವಿಗಳ ಸ್ವಾತಂತ್ರ್ಯದಾಹವನ್ನು ಕಾರಣ ಹೇಳುವುದು ವಾಡಿಕೆ. ಮುದ್ರಣವನ್ನೂ ಸೇರಿಸಿ ಯೋಚಿಸಬೇಕು. ಓಲೆಗರಿಯಲ್ಲಿ ಪದ್ಯವನ್ನು ಸಾಲು ಸಾಲಾಗಿ ಒಡೆದು ಬರೆಯುತ್ತಿರಲಿಲ್ಲ. ಗರಿಯ ಅಂಚಿನಿಂದ ಅಂಚಿಗೆ ಒಂದೇ ಸಮನೆ ಕೊರೆಯುತ್ತಿದ್ದರು. ಹೊಸ ಸಾಲು ಎಲ್ಲಿ ಆರಂಭವಾಯಿತು ಎಂದು ಓದುವವನಿಗೂ ಕೇಳುವವನಿಗೂ ತಿಳಿಸುವ ಗುರುತುಗಳಲ್ಲಿ ಆದಿಪ್ರಾಸ ಒಂದಾಗಿತ್ತು. ಅಚ್ಚಿನ ಪುಟದಲ್ಲಿ ಆ ಕೆಲಸವನ್ನು ಖಾಲಿ ಜಾಗವೇ ಮಾಡುತ್ತದೆ.

‘ಮೋಡ ಕಟ್ಟಿದೆ’

ಅಲಂಕಾರವಿಲ್ಲ, ಪ್ರಾಸವಿಲ್ಲ, ಆದರೂ ಮಾತು ಕಾವ್ಯವಾಗುತ್ತದಲ್ಲ? ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ಈ ಪ್ರಶ್ನೆ ಹಿಡಿದು ‘ಧ್ವನ್ಯಾಲೋಕ’ ಬರೆದ. ಶಬ್ದಕ್ಕೆ ಮೂರು ಶಕ್ತಿಗಳೆಂದು ಕಾವ್ಯಮೀಮಾಂಸಕರು ಹೇಳುತ್ತಾರೆ. ನೇರ ಅರ್ಥ ಕೊಡುವುದು ಅಭಿಧೆ. ‘ಊರಿಗೆ ಊರೇ ಜಾತ್ರೆಗೆ ಬಂತು’ ಎಂದಾಗ ಊರು ಎದ್ದು ಬರುವುದಿಲ್ಲ, ಜನ ಬರುತ್ತಾರೆ. ನೇರ ಅರ್ಥ ಹೊಂದದೆ ಪಕ್ಕದ ಅರ್ಥಕ್ಕೆ ಸರಿಯುವುದು ಲಕ್ಷಣೆ. ಇನ್ನು ಮೂರನೆಯದು ವ್ಯಂಜನೆ.

‘ಮೋಡ ಕಟ್ಟಿದೆ’ ಎಂಬ ಎರಡು ಪದದ ಮಾತನ್ನು ತೆಗೆದುಕೊಳ್ಳಿ. ಮಾಳಿಗೆಯ ಮೇಲೆ ಸಂಡಿಗೆ ಹಾಕಿದವರು ಹೇಳಿದರೆ ‘ಬೇಗ ಬಾ, ತೆಗೆಯೋಣ’ ಎಂದರ್ಥ. ಬಿತ್ತನೆಗೆ ಕಾದವರು ಹೇಳಿದರೆ ಅದು ಭರವಸೆ. ಬಯಲಲ್ಲಿ ಮದುವೆಯ ಚಪ್ಪರ ಹಾಕಿಸಿದ ಹೆಣ್ಣಿನ ತಂದೆ ಹೇಳಿದರೆ ದಿಗಿಲು. ನಿಘಂಟಿನಲ್ಲಿ ಈ ಮೂರೂ ಸಿಗುವುದಿಲ್ಲ. ಯಾರು, ಯಾರಿಗೆ, ಯಾವಾಗ ಹೇಳಿದರು ಎಂಬುದರಿಂದ ಅರ್ಥ ಹೊಮ್ಮುತ್ತದೆ. ಹಾಗೆ ಹೊಮ್ಮಿದ ಅರ್ಥವೇ ಮುಖ್ಯವಾಗಿ, ಹೇಳಿದ ಅರ್ಥ ಹಿಂದೆ ಸರಿದಾಗ ಅದು ಧ್ವನಿ.

ಕನ್ನಡಕ್ಕೆ ಇದು ತಡವಾಗಿ ಬಂದ ವಿಚಾರವೇನಲ್ಲ. ಸುಮಾರು 850ರಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ರಚಿಸಿದ ‘ಕವಿರಾಜಮಾರ್ಗ’ ಧ್ವನಿಯನ್ನು ಅಲಂಕಾರಗಳ ಸಾಲಿನಲ್ಲಿ ಸೇರಿಸಿ ಹೆಸರಿಸಿದೆ. ಅದು ಬಹುಮಟ್ಟಿಗೆ ದಂಡಿಯ ‘ಕಾವ್ಯಾದರ್ಶ’ವನ್ನು ಅನುಸರಿಸಿದ ಗ್ರಂಥ, ಆದರೆ ಕನ್ನಡದ ಪ್ರಾಸ, ಕನ್ನಡದ ಕಾವ್ಯಪ್ರಕಾರ, ಕಾವೇರಿಯಿಂದ ಗೋದಾವರಿಯವರೆಗಿನ ಜನ ಎಲ್ಲವೂ ಅದರಲ್ಲಿವೆ. ಈ ನಾಡಿನವರು ಓದು ಕಲಿಯದೆಯೂ ಕಾವ್ಯದ ಬಳಕೆ ಬಲ್ಲವರು ಎಂದು ಮೆಚ್ಚುವ ಶಾಸ್ತ್ರಗ್ರಂಥ ಅದು. ಶಾಸ್ತ್ರ ಬರೆಯುವವನೇ, ಶಾಸ್ತ್ರ ಬಾರದ ಕಿವಿಯನ್ನು ಮೊದಲು ನಂಬಿದ್ದಾನೆ. ಈ ಮೀಮಾಂಸೆಯನ್ನೆಲ್ಲ ಇಂದಿನ ಕನ್ನಡದಲ್ಲಿ ಓದಬಯಸುವವರಿಗೆ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (1953) ಈಗಲೂ ಮೊದಲ ದಾರಿ.

ಹೊಸ ಪದ್ಯಕ್ಕೆ ಹಳೆಯ ಹೆಸರು ಸಾಕೇ?

ಅಡಿಗರ ‘ಭೂಮಿಗೀತ’ 1959ರಲ್ಲಿ ಬರುವ ಹೊತ್ತಿಗೆ ವಿಮರ್ಶೆಯ ಮಾತು ಬದಲಾಗಿತ್ತು. ಉಪಮೆ, ರೂಪಕಗಳ ಜಾಗದಲ್ಲಿ ಪ್ರತಿಮೆ, ಸಂಕೇತ, ವ್ಯಂಗ್ಯ ಎಂಬ ಪದಗಳು ಓಡಾಡತೊಡಗಿದವು. ಹಾಗೆಂದು ಹಳೆಯವು ಕೆಲಸಕ್ಕೆ ಬಾರದಾದವೇ? ನಮ್ಮ ಬೆಟ್ಟವನ್ನು ಕೊನೆಯ ಸಲ ನೋಡೋಣ:

ಕಂಬಳಿ ಸಾಲದೆಂದು
ಬೆಟ್ಟ ಈ ವರ್ಷ
ಕಲ್ಲುಕ್ವಾರಿಯ ಧೂಳು ಹೊದ್ದಿದೆ

ಗಣವಿಲ್ಲ, ಪ್ರಾಸವಿಲ್ಲ. ‘ಕಂಬಳಿ’ ಎಂಬಲ್ಲಿ ಮೋಡದ ಹೆಸರಿಲ್ಲ. ರೂಪಕಾತಿಶಯೋಕ್ತಿ ಇಲ್ಲಿ ಉಸಿರಾಡುತ್ತಿದೆ. ‘ಸಾಲದೆಂದು’ ಎಂಬ ಸುಳ್ಳು ಕಾರಣ ಉತ್ಪ್ರೇಕ್ಷೆಯ ಹಳೆಯ ಆಟವೇ. ಈ ಸಲ ಅದು ನಗಿಸದೆ ಚುಚ್ಚುತ್ತದೆ, ಏಕೆಂದರೆ ಧೂಳನ್ನು ಬೆಟ್ಟ ಬಯಸಿ ಹೊದೆದಿಲ್ಲ. ಧೂಳಿನ ಮಾತಾಡಿ ಮಳೆಯ ಕೊರತೆಯನ್ನೂ ಕಡಿದ ಕಲ್ಲನ್ನೂ ಹೇಳದೆ ಬಿಟ್ಟಿರುವುದು ಧ್ವನಿ. ‘ಈ ವರ್ಷ’ ಎಂದು ಸಾಲು ಮುರಿದಲ್ಲಿ ಓದುಗ ಒಂದು ಕ್ಷಣ ಶಾಲನ್ನೋ ರಗ್ಗನ್ನೋ ನಿರೀಕ್ಷಿಸುತ್ತಾನೆ. ಆ ತಡೆಗೆ ಅಪ್ಪಯ್ಯ ದೀಕ್ಷಿತನ ಪಟ್ಟಿಯಲ್ಲಿ ಪ್ರತ್ಯೇಕ ಹೆಸರಿಲ್ಲ.